ಹತ್ತಿರದ ಡುಯಾಥ್ಲಾನನ್ನು ತರಬೇತಿ ರೇಸ್ ಮಾಡಿಕೊಳ್ಳುವುದು ಹೇಗೆ

ಡುಯಾಥ್ಲಾನ್ ಅಂದರೆ ಓಟ, ಸೈಕಲ್, ಮತ್ತೆ ಓಟ. ನನ್ನ ಮೊದಲ ಡುಯಾಥ್ಲಾನ್‌ನಲ್ಲಿ 5 ಕಿ.ಮೀ. ಓಟದ ನನ್ನದೇ ದಾಖಲೆ ಮುರಿದೆ. 24 ನಿಮಿಷ 50 ಸೆಕೆಂಡ್. ಖುಷಿಪಡಬೇಕಾದ ಸಂಗತಿಯೇ. ಆದರೆ ಅದಾದ ಮೇಲೆ ಇನ್ನೂ 20 ಕಿ.ಮೀ. ಸೈಕಲ್ ಹೊಡೆಯಬೇಕಿತ್ತು. ಅದು ಮುಗಿದ ಮೇಲೆ ಮತ್ತೆ ಎರಡೂವರೆ ಕಿ.ಮೀ. ಓಡಬೇಕಿತ್ತು. ಆ ಕೊನೆಯ ಎರಡೂವರೆ ಕಿ.ಮೀ.ಗೆ ನನಗೆ 16 ನಿಮಿಷ 15 ಸೆಕೆಂಡ್ ಹಿಡಿಯಿತು. ಒಂದಷ್ಟು ದೂರ ನಡೆದೆ. ಒಂದು ಕಡೆ ಕಂಬ ಹಿಡಿದುಕೊಂಡು ನಿಂತೆ. ಇದು 'ಸುಮ್ನೆ ತರಬೇತಿಗೆ' ಅಂತ ಹೇಳಿಕೊಂಡು ಹೋಗಿದ್ದ ರೇಸ್! ಮುಂದಿನ ನಾಲ್ಕು ದಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾಯಿತು. ಒಂದೂವರೆ ವಾರದ ಅಭ್ಯಾಸ ನೀರುಪಾಲಾಯಿತು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತಾರಲ್ಲ, ಹಾಗೆ.

ತರಬೇತಿ ರೇಸ್ ಅಂದರೆ ಇಷ್ಟೇ: ನಿಮ್ಮ ದೊಡ್ಡ ಗುರಿ ಬೇರೆ ಇರುತ್ತದೆ. ಈಜು, ಸೈಕಲ್, ಓಟ ಮೂರೂ ಇರುವ ಟ್ರಯಾಥ್ಲಾನ್ ಇರಬಹುದು, ಹಾಫ್ ಮ್ಯಾರಥಾನ್ ಇರಬಹುದು, ಉದ್ದದ ಸೈಕಲ್ ಸವಾರಿ ಇರಬಹುದು. ಅದಕ್ಕೆ ಮೊದಲು ಏನನ್ನೋ ಒಂದನ್ನು ಪರೀಕ್ಷೆ ಮಾಡಿ ನೋಡೋಣ ಅಂತ ಓಡುವ ಸಣ್ಣ ರೇಸ್ ಇದು. ಬಿಬ್ (ಮೈಮೇಲೆ ಹಾಕಿಕೊಳ್ಳುವ ನಂಬರ್ ಚೀಟಿ), ಗಡಿಯಾರ, ನಿಯಮ, ಅಕ್ಕಪಕ್ಕ ಏದುಸಿರು ಬಿಡುವ ಜನ, ಎಲ್ಲ ನಿಜವೇ. ಒಬ್ಬರೇ ಅಭ್ಯಾಸ ಮಾಡುವಾಗ ಎಷ್ಟೇ ಕಷ್ಟಪಟ್ಟರೂ ಆ ಎದೆಬಡಿತ ಬರುವುದಿಲ್ಲ. ಅದಕ್ಕೇ ಹಣ ಕಟ್ಟಿ ಹೋಗುವುದು.

ಈ ಕೆಲಸಕ್ಕೆ ಡುಯಾಥ್ಲಾನ್ ಬಹಳ ಚೆನ್ನಾಗಿ ಒಗ್ಗುತ್ತದೆ. ಈಜು ಇಲ್ಲ. ಹಾಗಾಗಿ ನೀರಿನ ಭಯ, ಈಜುಡುಗೆ, ಕನ್ನಡಕ, ಯಾವ ರಗಳೆಯೂ ಇಲ್ಲ. ಓಡುವ ಶೂ, ಒಂದು ಸೈಕಲ್, ಒಂದು ಹೆಲ್ಮೆಟ್ ಇದ್ದರೆ ಮುಗೀತು. ಟ್ರಯಾಥ್ಲಾನ್‌ನಲ್ಲಿ ಕಲಿಯಬೇಕಾದ ಕಷ್ಟದ ಪಾಠಗಳಲ್ಲಿ ಎರಡು, ಅಂದರೆ ಸೈಕಲ್ ಇಳಿದು ಓಡುವುದು ಮತ್ತು ಅವಸರದಲ್ಲಿ ಬಟ್ಟೆ-ಶೂ ಬದಲಿಸುವುದು, ಇಲ್ಲೇ ಸಿಗುತ್ತವೆ.

ರೇಸ್ ಆರಿಸುವಾಗ

ಅಳತೆ ಮೊದಲು ನೋಡಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸ್ಟ್ಯಾಂಡರ್ಡ್ ಡುಯಾಥ್ಲಾನ್ ಅಂದರೆ 10 ಕಿ.ಮೀ. ಓಟ, 40 ಕಿ.ಮೀ. ಸೈಕಲ್, ಮತ್ತೆ 5 ಕಿ.ಮೀ. ಓಟ. ಸ್ಪ್ರಿಂಟ್ ಅಂದರೆ ಅದರ ಅರ್ಧ: 5, 20, 2.5. ಸಣ್ಣ ಊರಿನ ರೇಸ್‌ಗಳು ಈ ಲೆಕ್ಕಕ್ಕೆ ಕಟ್ಟುಬಿದ್ದಿರುವುದಿಲ್ಲ. ರಸ್ತೆ ಎಷ್ಟು ಸಿಕ್ಕಿತೋ ಅಷ್ಟು. 3-15-3 ಇರಬಹುದು, 5-30-5 ಇರಬಹುದು. ಇದನ್ನೆಲ್ಲ ಮೀರಿದ್ದು ಸ್ವಿಟ್ಜರ್ಲೆಂಡಿನ ಸೋಫಿಂಗನ್‌ನಲ್ಲಿ 1989ರಲ್ಲಿ ಶುರುವಾದ ಪವರ್‌ಮ್ಯಾನ್. ಅಲ್ಲಿ 10 ಕಿ.ಮೀ. ಓಡಿ, 150 ಕಿ.ಮೀ. ಬೆಟ್ಟದ ರಸ್ತೆಯಲ್ಲಿ ಸೈಕಲ್ ತುಳಿದು, ಮತ್ತೆ 30 ಕಿ.ಮೀ. ಓಡುವುದು ಅದರ ಹೆಸರುವಾಸಿ ಅಳತೆ. ಅದನ್ನು ಯಾರೂ ತರಬೇತಿ ರೇಸ್ ಅನ್ನುವುದಿಲ್ಲ ಬಿಡಿ.

ನನ್ನ ಸಲಹೆ: ಎರಡು ಆಯ್ಕೆ ಇದ್ದರೆ ಸಣ್ಣದನ್ನೇ ಹಿಡಿಯಿರಿ. ಇದಕ್ಕೊಂದು ಕಾರಣವಿದೆ. ಸ್ಪ್ರಿಂಟ್ ಟ್ರಯಾಥ್ಲಾನ್‌ನಲ್ಲಿ ಓಟ 5 ಕಿ.ಮೀ. ಮಾತ್ರ. ಸ್ಪ್ರಿಂಟ್ ಡುಯಾಥ್ಲಾನ್‌ನಲ್ಲಿ ಒಟ್ಟು ಏಳೂವರೆ. ಸ್ಟ್ಯಾಂಡರ್ಡ್‌ನಲ್ಲಂತೂ ಹದಿನೈದು. ಸೈಕಲ್ ತುಳಿದರೆ ಕಾಲು ಸುಸ್ತಾಗುತ್ತದೆ, ಓಡಿದರೆ ಕಾಲು ಪೆಟ್ಟು ತಿನ್ನುತ್ತದೆ. ಪ್ರತಿ ಹೆಜ್ಜೆಗೂ ತೊಡೆ ಮತ್ತು ಮೀನಖಂಡದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಎರಡು ದಿನ ಬಿಟ್ಟು ಹಿಡಿದುಕೊಳ್ಳುವ ನೋವಿನ ಮೂಲ ಅಲ್ಲೇ ಇದೆ. ಹಾಗಾಗಿ ಡುಯಾಥ್ಲಾನ್ ಕಾಗದದ ಮೇಲೆ ಕಾಣುವುದಕ್ಕಿಂತ ಜಾಸ್ತಿ ದಣಿಸುತ್ತದೆ.

ದಿನಾಂಕವೂ ಮುಖ್ಯ. ದೊಡ್ಡ ಗುರಿಗೆ ನಾಲ್ಕರಿಂದ ಎಂಟು ವಾರ ಮೊದಲು ಬಂದರೆ ಸರಿ. ಕಲಿತದ್ದನ್ನು ತಿದ್ದಿಕೊಳ್ಳಲು ಸಮಯ ಇರುತ್ತದೆ. ಎರಡೇ ವಾರ ಮೊದಲಾದರೆ ಬೇಡ. ಅಲ್ಲಿ ಸಿಕ್ಕ ದಣಿವನ್ನು ಹೊತ್ತುಕೊಂಡೇ ದೊಡ್ಡ ರೇಸಿಗೆ ಹೋಗಬೇಕಾಗುತ್ತದೆ.

ಪ್ರಶ್ನೆ ಒಂದೇ ಇರಲಿ

ಹೆಸರು ಕೊಟ್ಟ ದಿನವೇ ಒಂದು ಪ್ರಶ್ನೆ ಬರೆದುಕೊಳ್ಳಿ. 'ಈ ರೇಸಿನಿಂದ ನನಗೆ ಏನು ಗೊತ್ತಾಗಬೇಕು?' ಉತ್ತರ ಒಂದೇ ಸಾಲಿನಲ್ಲಿರಲಿ. ಮೊದಲ ಓಟವನ್ನು ಹಿಡಿತದಲ್ಲಿ ಓಡಬಲ್ಲೆನಾ? ಸೈಕಲ್ ಮೇಲೆ ಕುಡಿಯೋದು ತಿನ್ನೋದು ಹೊಟ್ಟೆಗೆ ಒಗ್ಗುತ್ತಾ? ಹೊಸ ಸೀಟಿನ ಮೇಲೆ ಒಂದು ಗಂಟೆ ಬಾಗಿ ಕೂತರೆ ಬೆನ್ನು ತಡೆಯುತ್ತಾ? ಓಟದಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಟ್ರಾನ್ಸಿಷನ್ನಿನಲ್ಲಿ ಕೈ ನಡುಗದೆ ಕೆಲಸ ಆಗುತ್ತಾ?

ಮೂರು ನಾಲ್ಕು ಪ್ರಶ್ನೆ ಒಟ್ಟಿಗೆ ಇಟ್ಟುಕೊಂಡರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ. ಹೊಸ ಶೂ, ರೇಸಿನ ನಡುವೆ ನುಂಗುವ ಹೊಸ ಎನರ್ಜಿ ಜೆಲ್, ಹೊಸ ವೇಗ, ಮೂರನ್ನೂ ಒಂದೇ ದಿನ ಪ್ರಯೋಗ ಮಾಡಿ ಹೊಟ್ಟೆ ಹಿಡಿದುಕೊಂಡಿತು ಅಂದುಕೊಳ್ಳಿ. ತಪ್ಪು ಜೆಲ್‌ದೋ, ವೇಗದ್ದೋ? ಹೇಗೆ ಹೇಳ್ತೀರಿ?

'ಇಷ್ಟು ನಿಮಿಷದಲ್ಲಿ ಮುಗಿಸಬೇಕು', 'ನನ್ನ ವಯಸ್ಸಿನ ಗುಂಪಿನಲ್ಲಿ ಮೊದಲ ಐದರಲ್ಲಿ ಬರಬೇಕು' ಅನ್ನುವುದನ್ನು ಮಾತ್ರ ಈ ಪ್ರಶ್ನೆಯ ಜಾಗದಲ್ಲಿ ಕೂರಿಸಬೇಡಿ. ಒಳಗೆ ಆಸೆ ಇದ್ದೇ ಇರುತ್ತದೆ, ಇರಲಿ. ಆದರೆ ಸ್ಥಾನ ನಿಮ್ಮ ಕೈಯಲ್ಲಿಲ್ಲ, ಬೇರೆ ಯಾರು ಬರುತ್ತಾರೆ ಅನ್ನುವುದರ ಮೇಲಿದೆ.

ನಾನು ಮಾಡುವುದು ಹೀಗೆ. ಸೈಕಲ್ ಹ್ಯಾಂಡಲ್‌ನ ನಡುವೆ, ಬಗ್ಗಿದರೆ ಕಣ್ಣಿಗೆ ಬೀಳುವ ಹಾಗೆ, ಒಂದು ತುಂಡು ಬಿಳಿ ಟೇಪ್ ಅಂಟಿಸುತ್ತೇನೆ. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಆ ದಿನದ ಕೆಲಸ. ಎರಡನೇ ರೇಸಿಗೆ ಬರೆದದ್ದು ಎರಡೇ ಪದ: 'ತಡಿ. ಕುಡಿ.' ಅಂದರೆ, ಮೊದಲು ಅವಸರ ಮಾಡಬೇಡ, ಆಮೇಲೆ ನೀರು ಮರೆಯಬೇಡ. ದಣಿದ ತಲೆಗೆ ಅದಕ್ಕಿಂತ ಉದ್ದದ ವಾಕ್ಯ ಓದೋಕಾಗಲ್ಲ.

ಮೊದಲೇ ಮಾಡಿಟ್ಟುಕೊಳ್ಳಬೇಕಾದ ಅಭ್ಯಾಸ

ಸೈಕಲ್ ತುಳಿದು ಇಳಿದ ತಕ್ಷಣ ಓಡುವ ಅಭ್ಯಾಸಕ್ಕೆ ಬ್ರಿಕ್ ಅನ್ನುತ್ತಾರೆ. ಇಟ್ಟಿಗೆ. ಇಳಿದಾಗ ಕಾಲು ಇಟ್ಟಿಗೆಯ ಹಾಗೇ ಇರುತ್ತದೆ, ಹೆಸರು ಎಲ್ಲಿಂದ ಬಂತೋ, ಸರಿಯಾಗೇ ಇದೆ. ರೇಸಿಗೆ ಮೊದಲಿನ ಒಂದು ತಿಂಗಳಲ್ಲಿ ಇಂಥದ್ದನ್ನು ವಾರಕ್ಕೊಮ್ಮೆ ಮಾಡಿದರೆ ಸಾಕು. 40 ನಿಮಿಷ ಸೈಕಲ್, ಕೂಡಲೇ 10 ನಿಮಿಷ ಓಟ. ಉದ್ದ ಓಡುವ ಅಗತ್ಯ ಇಲ್ಲ. ಕಾಲು ಹದಕ್ಕೆ ಬರಲು ಬೇಕಾದ ಮೊದಲ ಐದಾರು ನಿಮಿಷವೇ ಪಾಠ.

ಒಂದು ಸಲವಾದರೂ ಪೂರ್ತಿ ಸಾಲನ್ನು ಸಣ್ಣದಾಗಿ ಮಾಡಿ ನೋಡಿ: 2 ಕಿ.ಮೀ. ಓಟ, 8 ಕಿ.ಮೀ. ಸೈಕಲ್, 1 ಕಿ.ಮೀ. ಓಟ. ಓಡಿ ಬಂದು ಸೈಕಲ್ ಹತ್ತುವುದು ಬೇರೆಯದೇ ಅನುಭವ. ಎದೆ ಬಡಿತ ಆಗಲೇ ಮೇಲಿರುತ್ತದೆ, ತುಳಿಯಲು ಹೋದರೆ ತೊಡೆ ಉರಿಯುತ್ತದೆ. ಇದು ರೇಸ್ ದಿನ ಮೊದಲ ಬಾರಿ ಗೊತ್ತಾದರೆ ಗಾಬರಿಯಾಗುತ್ತದೆ.

ರೇಸಿನ ವಾರ

ದೊಡ್ಡ ರೇಸಿಗೆ ಸುಮಾರು ಎರಡು ವಾರ ಮೊದಲೇ ಅಭ್ಯಾಸದ ಪ್ರಮಾಣವನ್ನು 40ರಿಂದ 60 ಪ್ರತಿಶತ ಇಳಿಸುವ ರೂಢಿ ಇದೆ. ಇದಕ್ಕೆ ಟೇಪರ್ ಅನ್ನುತ್ತಾರೆ. ತರಬೇತಿ ರೇಸಿಗೆ ಅದು ಬೇಡ. ಪ್ರತಿ ಸಣ್ಣ ರೇಸಿಗೂ ಎರಡು ವಾರ ಇಳಿಸಿ, ಒಂದು ವಾರ ಸುಧಾರಿಸಿಕೊಳ್ಳುತ್ತಾ ಕೂತರೆ ಅಭ್ಯಾಸ ಮಾಡುವುದು ಯಾವಾಗ?

ವಾರದ ಮೊದಲರ್ಧ ಎಂದಿನಂತೆ ನಡೆಯಲಿ. ರೇಸ್ ಭಾನುವಾರ ಅಂದುಕೊಳ್ಳಿ. ಮಂಗಳವಾರ ನಿಮ್ಮ ಮಾಮೂಲಿ ಗಟ್ಟಿ ಅಭ್ಯಾಸ, ಆದರೆ ಮುಕ್ಕಾಲು ಭಾಗ ಮಾತ್ರ. ಬುಧವಾರ ಹಗುರಾಗಿ ಸೈಕಲ್. ಗುರುವಾರ ಅರ್ಧ ಗಂಟೆ ಓಟ, ನಡುವೆ ಒಂದೊಂದು ನಿಮಿಷದ ನಾಲ್ಕು ಚುರುಕು ಓಟ. ಶುಕ್ರವಾರ ರಜೆ. ಶನಿವಾರ 20 ನಿಮಿಷ ಸೈಕಲ್, 10 ನಿಮಿಷ ಓಟ, ಅಷ್ಟೇ. ಸೈಕಲ್‌ನ ಗೇರು-ಬ್ರೇಕು ಸರಿ ಇದೆಯಾ ಅಂತ ನೋಡಲಿಕ್ಕೂ ಶನಿವಾರದ ಸವಾರಿ ಬೇಕು. ಕಾಲು ಸ್ವಲ್ಪ ಭಾರ ಅನಿಸಿದರೆ ಚಿಂತೆ ಬೇಡ. ಪೂರ್ತಿ ತಾಜಾ ಇರಬೇಕು ಅಂತ ನಾವು ಹೊರಟಿಲ್ಲ.

ಜ್ವರ ಇದ್ದರೆ, ಅಥವಾ ಎದೆಯಲ್ಲಿ ಕಫ ಕಟ್ಟಿದ್ದರೆ ಹೋಗಬೇಡಿ. ತರಬೇತಿಗೆ ಅಂತ ಹೋಗುವ ರೇಸನ್ನು ಬಿಡುವುದರಲ್ಲಿ ನಾಚಿಕೆಯೇನಿಲ್ಲ.

ಚೀಲಕ್ಕೆ ಏನೇನು

ಸೈಕಲ್ ರಸ್ತೆಯದ್ದೇ ಆಗಬೇಕು ಅಂತಿಲ್ಲ. ಎಂಥದ್ದಾದರೂ ಬ್ರೇಕ್ ಎರಡೂ ಹಿಡಿಯುತ್ತಿರಬೇಕು, ಹ್ಯಾಂಡಲ್‌ನ ಎರಡೂ ತುದಿಗೆ ಮುಚ್ಚಳ ಇರಬೇಕು. ತೆರೆದ ಕೊಳವೆ ಬಿದ್ದಾಗ ಹೊಟ್ಟೆಗೆ ಚುಚ್ಚುತ್ತದೆ, ಅದಕ್ಕೇ ಪರಿಶೀಲನೆ ಮಾಡುವವರು ಮೊದಲು ಅದನ್ನೇ ನೋಡುತ್ತಾರೆ. ಹೆಲ್ಮೆಟ್ ಇಲ್ಲದಿದ್ದರೆ ಬಿಡುವುದೇ ಇಲ್ಲ. ಜೊತೆಗೆ ಒಂದು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಸಣ್ಣ ಪಂಪ್, ನೀರಿನ ಬಾಟಲಿ, ಒಂದು ಗಾಢ ಬಣ್ಣದ ಟವೆಲ್.

ಬಿಬ್‌ಗೆ ಎಲಾಸ್ಟಿಕ್ ಬೆಲ್ಟ್ ತಗೊಳ್ಳಿ. ಓಡುವಾಗ ನಂಬರ್ ಮುಂದೆ, ಸೈಕಲ್ ಮೇಲೆ ಹಿಂದೆ ಕಾಣಬೇಕು ಅನ್ನುವ ನಿಯಮ ಸಾಮಾನ್ಯ. ಬೆಲ್ಟ್ ಇದ್ದರೆ ಒಂದೇ ಎಳೆತಕ್ಕೆ ತಿರುಗುತ್ತದೆ. ಪಿನ್ನು ಚುಚ್ಚಿಕೊಂಡವರು ಎರಡೆರಡು ನಂಬರ್ ಕೇಳಬೇಕು. ಟೈಮಿಂಗ್ ಚಿಪ್ ಕಾಲಿಗೆ ಕಟ್ಟುವಂಥದ್ದಾದರೆ ಎಡಗಾಲಿಗೆ ಕಟ್ಟಿ. ಸೈಕಲ್ ಚೈನ್ ಬಲಗಡೆ ಇರುತ್ತದೆ, ಅದಕ್ಕೆ ತಾಕದಿರಲಿ ಅಂತ.

ಈಗ ಶೂ ವಿಷಯ. ಪೆಡಲ್‌ಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಹಾಕಬೇಕಾ, ಓಡುವ ಶೂನಲ್ಲೇ ತುಳಿಯಬೇಕಾ? ಕ್ಲೀಟ್ ಅಭ್ಯಾಸ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಈ ರೇಸಿಗೋಸ್ಕರ ಕಲಿಯಲು ಹೋಗಬೇಡಿ. ಚಪ್ಪಟೆ ಪೆಡಲ್ ಹಾಕಿಸಿ, ಒಂದೇ ಶೂನಲ್ಲಿ ಮೂರೂ ಹಂತ ಮುಗಿಸಿ. 15-20 ಕಿ.ಮೀ. ಸೈಕಲ್‌ನಲ್ಲಿ ಸ್ವಲ್ಪ ಕಳೆದುಕೊಂಡರೂ ಎರಡು ಸಲ ಶೂ ಬದಲಿಸುವ ಸಮಯ ಉಳಿಯುತ್ತದೆ. ಲೇಸ್ ಮಾತ್ರ ಎಲಾಸ್ಟಿಕ್ ಇರಲಿ. ಬೆವರಿದ ಬೆರಳಲ್ಲಿ ಗಂಟು ಹಾಕುವುದು ಎಷ್ಟು ಕಷ್ಟ ಅಂತ ಆಗಲೇ ಗೊತ್ತಾಗೋದು.

ಟ್ರಾನ್ಸಿಷನ್: ನಾಲ್ಕನೇ ಆಟ

ಓಟದಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಜಾಗ ಇದು. ಮೊದಲನೆಯ ಬದಲಾವಣೆಗೆ ಟಿ1, ಎರಡನೆಯದಕ್ಕೆ ಟಿ2 ಅನ್ನುತ್ತಾರೆ. ಗಡಿಯಾರ ಆಗಲೂ ಓಡುತ್ತಲೇ ಇರುತ್ತದೆ. ನನ್ನ ಮೊದಲ ರೇಸಿನಲ್ಲಿ ಟಿ1ಕ್ಕೆ 3 ನಿಮಿಷ 40 ಸೆಕೆಂಡ್ ಹೋಯಿತು. ಮನೆಯ ಮುಂದೆ ಹತ್ತು ಸಲ ಅಭ್ಯಾಸ ಮಾಡಿದ ಮೇಲೆ 1 ನಿಮಿಷ 35 ಸೆಕೆಂಡಿಗೆ ಬಂತು. ಎರಡು ನಿಮಿಷ ಉಳಿಯಿತು, ಅದೂ ಒಂದು ತೊಟ್ಟು ಜಾಸ್ತಿ ಬೆವರದೆ. ಓಟದಲ್ಲಿ ಎರಡು ನಿಮಿಷ ಇಳಿಸಲು ಎಷ್ಟು ತಿಂಗಳು ಬೇಕು ಹೇಳಿ?

ರೇಸ್ ಶುರುವಾಗುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಅಲ್ಲಿರಿ. ಸೈಕಲ್ಲನ್ನು ನಿಮ್ಮ ನಂಬರಿನ ಜಾಗದಲ್ಲಿ ನೇತುಹಾಕಿ. ಹಗುರ ಗೇರ್‌ಗೆ ಹಾಕಿಡಿ, ಹತ್ತಿದ ಕೂಡಲೇ ಸಲೀಸಾಗಿ ತುಳಿಯುವ ಹಾಗೆ. ಹೆಲ್ಮೆಟ್ಟನ್ನು ಮಗುಚಿ, ಪಟ್ಟಿಗಳನ್ನು ಹೊರಕ್ಕೆ ಚೆಲ್ಲಿ, ಹ್ಯಾಂಡಲ್ ಮೇಲಿಡಿ. ಕೆಳಗೆ ಟವೆಲ್, ಅದರ ಮೇಲೆ ಶೂ.

ಆಮೇಲೆ ದಾರಿ ನಡೆದು ನೋಡಿ. ಓಡಿ ಬರುವ ಬಾಗಿಲು ಎಲ್ಲಿ? ಅಲ್ಲಿಂದ ನಿಮ್ಮ ಸಾಲು ಎಷ್ಟನೆಯದು? ಸೈಕಲ್ ತಳ್ಳಿಕೊಂಡು ಹೋಗುವ ಬಾಗಿಲು ಯಾವುದು? ವಾಪಸ್ ಬಂದಾಗ ಯಾವ ಕಡೆಯಿಂದ ಒಳಗೆ? ನೆನಪಿಗೆ ಮರ, ಕಂಬ, ಬ್ಯಾನರ್ ಇಟ್ಟುಕೊಳ್ಳಿ. ಪಕ್ಕದ ಕೆಂಪು ಸೈಕಲ್ ಗುರುತು ಇಟ್ಟುಕೊಂಡರೆ ಕೆಟ್ಟಿರಿ. ನೀವು ಬರುವಷ್ಟರಲ್ಲಿ ಆ ಕೆಂಪು ಸೈಕಲ್ಲಿನವರು ರಸ್ತೆಯಲ್ಲಿರುತ್ತಾರೆ.

ಮುಟ್ಟುವ ಕ್ರಮ ಬಾಯಿಪಾಠ ಆಗಿರಲಿ. ಟಿ1ನಲ್ಲಿ: ಶೂ ಬದಲಿಸು, ಬಿಬ್ ಹಿಂದಕ್ಕೆ ಎಳಿ, ಹೆಲ್ಮೆಟ್ ಹಾಕಿ ಬಕಲ್ ಚಟ್ ಅನ್ನಿಸು, ಆಮೇಲಷ್ಟೇ ಸೈಕಲ್ ಮುಟ್ಟು. ಬಕಲ್ ಹಾಕದೆ ಸೈಕಲ್ ಮುಟ್ಟಿದರೆ ತಪ್ಪು. ಸೈಕಲ್ ಹತ್ತುವುದಕ್ಕೆ ನೆಲದ ಮೇಲೆ ಒಂದು ಗೆರೆ ಇರುತ್ತದೆ. ಅದನ್ನು ದಾಟುವವರೆಗೂ ತಳ್ಳಿಕೊಂಡೇ ಓಡಬೇಕು. ವಾಪಸ್ ಬರುವಾಗ ಇನ್ನೊಂದು ಗೆರೆ, ಅದಕ್ಕೆ ಮೊದಲೇ ಇಳಿಯಬೇಕು. ಟಿ2ನಲ್ಲಿ ಇದೇ ತಿರುಗುಮುರುಗು: ಮೊದಲು ಸೈಕಲ್ ನೇತುಹಾಕು, ಆಮೇಲೆ ಬಕಲ್ ಬಿಚ್ಚು, ಶೂ ಬದಲಿಸು, ಬಿಬ್ ಮುಂದಕ್ಕೆ.

ಓಡುತ್ತಾ ಬಂದು ಸೈಕಲ್ ಮೇಲೆ ಹಾರಿ ಕೂರುವವರನ್ನು ನೋಡಿ ಆಸೆಪಡಬೇಡಿ. ಖಾಲಿ ಮೈದಾನದಲ್ಲಿ ನೂರು ಸಲ ಮಾಡಿದವರಿಗೆ ಮಾತ್ರ ಅದು. ನಿಲ್ಲಿಸಿ, ಕಾಲು ಹಾಕಿ, ಹತ್ತಿ.

ಮೊದಲ ಓಟ

ಇಡೀ ರೇಸ್ ಕೆಡುವುದು ಇಲ್ಲೇ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಶುರುವಾಗುವ ಮೊದಲು ಮೈ ಬೆಚ್ಚಗಿರಬೇಕು. 10 ನಿಮಿಷ ನಿಧಾನ ಓಟ, ಆಮೇಲೆ 20 ಸೆಕೆಂಡಿನ ಮೂರು ನಾಲ್ಕು ಚುರುಕು ಓಟ. ಗಂಟೆಗಟ್ಟಲೆ ಮುಂಚೆ ಬೇಡ, ಶುರುವಿಗೆ 10 ನಿಮಿಷ ಇರುವಾಗ ಮುಗಿಸಿ.

ಗುಂಪಿನಲ್ಲಿ ಮೊದಲ ಸಾಲಿಗೆ ಹೋಗಿ ನಿಲ್ಲಬೇಡಿ. ಸೀಟಿ ಊದಿದ ಕೂಡಲೇ ಎಲ್ಲರೂ ಬಾಣದ ಹಾಗೆ ಹೋಗುತ್ತಾರೆ. ನಿಮ್ಮ ಕಾಲೂ ಹೋಗುತ್ತದೆ. ಮೊದಲ ಒಂದು ಕಿ.ಮೀ. ಯಾವ ವೇಗವೂ ಕಷ್ಟ ಅನ್ನಿಸುವುದೇ ಇಲ್ಲ. ಮೋಸ ಇರುವುದೇ ಅಲ್ಲಿ. ದಣಿವು ಬಂದು ಸೇರಲು ಎರಡು ಮೂರು ನಿಮಿಷ ತಡ, ಅಷ್ಟರಲ್ಲಿ ಸಾಲ ಆಗಿಹೋಗಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಓಟಗಾರರಿಗೇ ಹೇಳಿದ್ದೇನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಹಾಗಾದರೆ ಎಷ್ಟು ವೇಗ? ನೀವು ಬರೀ 5 ಕಿ.ಮೀ. ಓಡಿದರೆ ಎಷ್ಟು ಹೊತ್ತು ಹಿಡಿಯುತ್ತದೋ ಅದಕ್ಕೆ ಪ್ರತಿ ಕಿ.ಮೀ.ಗೆ 15-20 ಸೆಕೆಂಡ್ ಸೇರಿಸಿ. ನನ್ನ ಲೆಕ್ಕ ಹೇಳುತ್ತೇನೆ. ಆಗ ನನ್ನ 5 ಕಿ.ಮೀ. ಹೆಚ್ಚೂಕಡಿಮೆ 25 ನಿಮಿಷ, ಅಂದರೆ ಕಿ.ಮೀ.ಗೆ 5 ನಿಮಿಷ. ಎರಡನೇ ರೇಸಿನಲ್ಲಿ ಮೊದಲ ಓಟವನ್ನು 26 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಿದೆ. ಮೊದಲ ರೇಸಿಗಿಂತ ಒಂದೂವರೆ ನಿಮಿಷ ನಿಧಾನ. ಆದರೆ ಸೈಕಲ್ ಎರಡು ನಿಮಿಷ ಬೇಗ ಮುಗಿಯಿತು. ಕೊನೆಯ ಎರಡೂವರೆ ಕಿ.ಮೀ.ಗೆ 13 ನಿಮಿಷ 25 ಸೆಕೆಂಡ್. ಅಂದರೆ ಅಲ್ಲಿ ಮತ್ತೆ 2 ನಿಮಿಷ 50 ಸೆಕೆಂಡ್ ಲಾಭ. ಅದೇ ದೇಹ, ಅದೇ ದೂರ. ಒಂದೂವರೆ ನಿಮಿಷ ಕೊಟ್ಟು ಐದು ನಿಮಿಷದ ಹತ್ತಿರ ತಗೊಂಡೆ.

ವಾಚ್ ಇಲ್ಲದಿದ್ದರೆ ಉಸಿರು ನೋಡಿ. ನಾಲ್ಕೈದು ಪದದ ಒಂದು ಸಣ್ಣ ವಾಕ್ಯ ಹೇಳಲು ಆಗುತ್ತಿರಬೇಕು. ಒಂದೊಂದೇ ಪದ ಹೊರಬರುತ್ತಿದ್ದರೆ ಜಾಸ್ತಿಯಾಯಿತು. ಹತ್ತಕ್ಕೆ ಏಳರಷ್ಟು ಶ್ರಮ ಅಂತ ಲೆಕ್ಕ ಹಾಕಿ. ಜನ ಹಿಂದೆ ಹಾಕಿಕೊಂಡು ಹೋಗುತ್ತಾರೆ. ಹೋಗಲಿ ಬಿಡಿ. ಅವರಲ್ಲಿ ಅರ್ಧ ಜನ ಕೊನೆಯ ಓಟದಲ್ಲಿ ಮತ್ತೆ ಸಿಗುತ್ತಾರೆ.

ಸೈಕಲ್ ಮೇಲೆ

ಹತ್ತಿದ ಮೇಲೆ ಮೊದಲ ಎರಡು ಕಿ.ಮೀ. ಹಗುರ ಗೇರ್. ನಿಮಿಷಕ್ಕೆ 85-95 ಸುತ್ತು ತುಳಿಯಿರಿ. ಉಸಿರು ಹತೋಟಿಗೆ ಬರಲಿ. ಆಮೇಲೆ ಒಂದೆರಡು ಗುಟುಕು ನೀರು, ನಂತರ ನಿಮ್ಮ ವೇಗ. ನನ್ನ ಟೇಪಿನ 'ತಡಿ. ಕುಡಿ.' ಕೆಲಸಕ್ಕೆ ಬಂದದ್ದು ಇಲ್ಲೇ. ಹತ್ತಿದ ಕೂಡಲೇ ಎದುರಿಗಿದ್ದವರನ್ನು ಅಟ್ಟಿಸಿಕೊಂಡು ಹೋಗುವ ಚಪಲ ಬಂತು, ತಲೆ ಬಗ್ಗಿಸಿದಾಗ ನನ್ನದೇ ಅಕ್ಷರ ಕಣ್ಣಿಗೆ ಬಿತ್ತು.

ಮುಂದಿನವರ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದಕ್ಕೆ ಡ್ರಾಫ್ಟಿಂಗ್ ಅನ್ನುತ್ತಾರೆ. ಹವ್ಯಾಸಿಗಳ ರೇಸ್‌ಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಅವಕಾಶ ಇಲ್ಲ. 10 ಮೀಟರ್ ಅಂತರ, ಹಿಂದೆ ಹಾಕುವುದಾದರೆ 20 ಸೆಕೆಂಡಿನೊಳಗೆ ಹಿಂದೆ ಹಾಕಬೇಕು ಅನ್ನುವುದು ಚಾಲ್ತಿಯಲ್ಲಿರುವ ಅಳತೆ. ನಿಮ್ಮ ರೇಸಿನ ನಿಯಮದ ಹಾಳೆ ಓದಿ, ಅಲ್ಲಿ ಬೇರೆ ಇದ್ದರೆ ಅದೇ ಸರಿ. ಯಾರೂ ನೋಡುತ್ತಿಲ್ಲ ಅಂತ ಅಂಟಿಕೊಂಡರೆ ನಿಮ್ಮ ಪರೀಕ್ಷೆಯೇ ಸುಳ್ಳಾಗುತ್ತದೆ. ನಿಮ್ಮ ಕಾಲಿಗೆ ಎಷ್ಟು ಶಕ್ತಿ ಇದೆ ಅಂತ ಗೊತ್ತಾಗುವುದಿಲ್ಲ. ಇಯರ್‌ಫೋನ್ ಮನೆಯಲ್ಲಿರಲಿ. ಹಿಂದೆ ಹಾಕುವ ಮೊದಲು ಒಮ್ಮೆ ತಿರುಗಿ ನೋಡಿ, ಕೂಗಿ ಹೇಳಿ. ಸಣ್ಣ ರೇಸ್‌ಗಳಲ್ಲಿ ರಸ್ತೆ ಪೂರ್ತಿ ಮುಚ್ಚಿರುವುದಿಲ್ಲ. ಹಾಗಾಗಿ ತಿರುವಿನಲ್ಲಿ ಎದುರಿಂದ ವಾಹನ ಬರಬಹುದು ಅಂದುಕೊಂಡೇ ತಿರುಗಿ.

ಊಟ-ನೀರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಭ್ಯಾಸ ಇರುವ ತಿಂಡಿಯನ್ನೇ ಎರಡು ಮೂರು ಗಂಟೆ ಮೊದಲು ತಿನ್ನಿ. ಒಂದು ಗಂಟೆಯ ಆಸುಪಾಸಿನ ರೇಸಿಗೆ ನಡುವೆ ತಿನ್ನುವ ಅಗತ್ಯ ಹೆಚ್ಚೇನಿಲ್ಲ. ಎರಡು ಗಂಟೆ ದಾಟುವಂತಿದ್ದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕ ಇಟ್ಟುಕೊಳ್ಳಿ. ತಿನ್ನುವುದು ಸೈಕಲ್ ಮೇಲೆಯೇ, ಓಡುವಾಗ ಹೊಟ್ಟೆ ಕುಲುಕುತ್ತದೆ. ನೀರನ್ನು ಬಾಯಾರಿದಂತೆ ಕುಡಿಯಿರಿ. ಮಿತಿ ಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ಅದೂ ಅಪಾಯವೇ.

ಕೊನೆಯ ಒಂದು ಕಿ.ಮೀ. ಮತ್ತೆ ಹಗುರ ಗೇರ್‌ಗೆ ಬನ್ನಿ. ಒಂದೆರಡು ಸಲ ಪೆಡಲ್ ಮೇಲೆ ಎದ್ದು ನಿಂತು, ಹಿಮ್ಮಡಿ ಕೆಳಗೆ ಒತ್ತಿ ಮೀನಖಂಡ ಹಿಗ್ಗಿಸಿ. ಟಿ2ನಲ್ಲಿ ಮುಟ್ಟುವ ಕ್ರಮವನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಳ್ಳಿ.

ಎರಡನೇ ಓಟ

ಸೈಕಲ್ ನೇತುಹಾಕಿ ಓಡಲು ಶುರು ಮಾಡಿದಾಗ ಕಾಲು ಬೇರೆ ಯಾರದ್ದೋ ಅನ್ನಿಸುತ್ತದೆ. ಮಂಡಿ ಮೇಲೇಳುವುದಿಲ್ಲ. ನೆಲ ಎಲ್ಲಿದೆ ಅಂತ ಪಾದಕ್ಕೆ ಗೊತ್ತಾಗುವುದಿಲ್ಲ. ಇದು ಎಲ್ಲರಿಗೂ ಆಗುವುದೇ. ಹೆಜ್ಜೆ ಗಿಡ್ಡ ಇಡಿ, ಬೇಗ ಬೇಗ ಇಡಿ. ಬೆನ್ನು ನೆಟ್ಟಗಿರಲಿ, ಇಷ್ಟು ಹೊತ್ತು ಬಾಗಿ ಕೂತಿದ್ದು ಹಾಗೇ ಬಾಗಿ ಓಡುವ ಅಭ್ಯಾಸ ಬಂದುಬಿಡುತ್ತದೆ. ಕೈ ಬೀಸಿ. ಕೈ ಬೀಸಿದರೆ ಕಾಲು ಹಿಂಬಾಲಿಸುತ್ತದೆ.

ಐದಾರು ನಿಮಿಷಕ್ಕೆ ಕಾಲು ನಿಮ್ಮದಾಗುತ್ತದೆ. ಆಗ ಇನ್ನೂ ಶಕ್ತಿ ಉಳಿದಿದ್ದರೆ ಕೊನೆಯ ಒಂದು ಕಿ.ಮೀ. ಬಿಟ್ಟುಕೊಡದೆ ಓಡಿ. ಇಡೀ ದಿನದಲ್ಲಿ ಮನಸ್ಸು ಬಂದಷ್ಟು ಓಡಲು ನಾನು ಅನುಮತಿ ಕೊಡುವುದು ಇಲ್ಲಿ ಮಾತ್ರ. ತಲೆಸುತ್ತು, ಎದೆನೋವು, ಬೆವರು ನಿಂತು ಚಳಿ ಬಂದಂತಾಗುವುದು, ಇದ್ಯಾವುದು ಬಂದರೂ ಅಲ್ಲೇ ನಿಂತು ಸಹಾಯ ಕೇಳಿ.

ಇನ್ನೊಂದು ಮಾತು. ಎರಡನೇ ರೇಸಿನಲ್ಲಿ ಟಿ2 ಎಷ್ಟು ಸಲೀಸಾಗಿ ಮುಗೀತಲ್ಲ ಅಂತ ನನಗೇ ಹೆಮ್ಮೆ. ಬಾಗಿಲು ದಾಟಿ ನೂರು ಮೀಟರ್ ಓಡಿದೆ. ಪಕ್ಕದಲ್ಲಿ ನಿಂತವರೆಲ್ಲ ನನ್ನನ್ನೇ ನೋಡಿ ನಗುತ್ತಿದ್ದಾರೆ. ಪ್ರೋತ್ಸಾಹ ಅಂದುಕೊಂಡು ನಾನೂ ನಕ್ಕೆ. ಕಡೆಗೆ ನೀರು ಕೊಡುತ್ತಿದ್ದ ಹುಡುಗನೊಬ್ಬ ಏನೂ ಹೇಳದೆ ತನ್ನ ತಲೆ ಮೇಲೆ ಎರಡು ಸಲ ತಟ್ಟಿ ತೋರಿಸಿದ. ಕೈ ಎತ್ತಿ ಮುಟ್ಟಿ ನೋಡಿದರೆ, ಹೆಲ್ಮೆಟ್! ಮೊದಲು ಸೈಕಲ್, ಆಮೇಲೆ ಬಕಲ್ ಅನ್ನುವುದನ್ನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ ಬಕಲ್ ಬಿಚ್ಚುವುದನ್ನೇ ಬಿಟ್ಟಿದ್ದೆ.

ಮುಗಿದ ಮೇಲೆ

ಗೆರೆ ದಾಟಿ ಕೂತುಬಿಡಬೇಡಿ. ಹತ್ತು ನಿಮಿಷ ನಡೆದಾಡಿ. ಒಂದು ಗಂಟೆಯೊಳಗೆ ಏನಾದರೂ ಗಟ್ಟಿಯಾಗಿ ತಿನ್ನಿ.

ಮರುದಿನ ಓಟ ಬೇಡ. ಹಗುರಾಗಿ ಅರ್ಧ ಗಂಟೆ ಸೈಕಲ್ ಅಥವಾ ಈಜು ಸಾಕು. ನೋವು ಹೆಚ್ಚಾಗಿ ಎರಡನೇ ದಿನ ಜೋರಾಗುತ್ತದೆ, ಆದ್ದರಿಂದ ಸೋಮವಾರ ಚೆನ್ನಾಗಿದ್ದೀನಿ ಅಂತ ಮಂಗಳವಾರ ಗಟ್ಟಿ ಅಭ್ಯಾಸಕ್ಕೆ ಇಳಿಯಬೇಡಿ. ಸ್ಪ್ರಿಂಟ್ ಆದರೆ ಮೂರು ನಾಲ್ಕು ದಿನ, ಸ್ಟ್ಯಾಂಡರ್ಡ್ ಆದರೆ ಒಂದು ವಾರದ ತನಕ ಹಗುರವಾಗಿಯೇ ಇರಲಿ. ವಾರ ಕಳೆದರೂ ಮೆಟ್ಟಿಲು ಇಳಿಯಲು ಕಷ್ಟ ಅಂದರೆ ನೀವು ಓಡಿದ್ದು ತರಬೇತಿ ರೇಸ್ ಅಲ್ಲ.

ಅದೇ ದಿನ ಸಂಜೆ, ನೆನಪು ಬಿಸಿ ಇರುವಾಗಲೇ, ಡೈರಿ ತೆಗೆಯಿರಿ. ಫಲಿತಾಂಶದ ಪಟ್ಟಿಯಲ್ಲಿ ಐದು ಅಂಕಿ ಸಿಗುತ್ತವೆ: ಮೊದಲ ಓಟ, ಟಿ1, ಸೈಕಲ್, ಟಿ2, ಎರಡನೇ ಓಟ. ಒಟ್ಟು ಸಮಯ ಬಿಡಿ, ಮೊದಲ ಮತ್ತು ಎರಡನೇ ಓಟದ ಕಿ.ಮೀ. ವೇಗವನ್ನು ಅಕ್ಕಪಕ್ಕ ಬರೆಯಿರಿ. ನನ್ನ ಮೊದಲ ರೇಸಿನಲ್ಲಿ ಅದು 4:58 ಮತ್ತು 6:30. ಎರಡನೆಯದರಲ್ಲಿ 5:16 ಮತ್ತು 5:22. ಈ ಎರಡು ಅಂಕಿ ಹತ್ತಿರ ಹತ್ತಿರ ಬಂದರೆ ಮೊದಲ ಓಟದಲ್ಲಿ ಹಿಡಿತ ಇತ್ತು ಅಂತ ಅರ್ಥ. ದೂರ ಇದ್ದರೆ ಎಲ್ಲಿ ಸೋರಿತು ಅಂತ ಹುಡುಕಿ: ಓಟದಲ್ಲಾ, ಸೈಕಲ್ ಮೇಲೆ ಯಾರನ್ನೋ ಅಟ್ಟಿಸಿಕೊಂಡು ಹೋದದ್ದರಲ್ಲಾ, ನೀರು ಮರೆತದ್ದರಲ್ಲಾ?

ಆಮೇಲೆ, ಹೆಸರು ಕೊಟ್ಟ ದಿನ ಬರೆದಿದ್ದ ಪ್ರಶ್ನೆಗೆ ಉತ್ತರ. ಹೌದು, ಇಲ್ಲ, ಅರ್ಧ ಅಂತ ಏನೇ ಇರಲಿ, ಒಂದು ಸಾಲು. ಅದರ ಕೆಳಗೆ ಮುಂದಿನ ಎರಡು ವಾರದಲ್ಲಿ ಬದಲಿಸುವ ಒಂದೇ ಒಂದು ವಿಷಯ. ಹ್ಯಾಂಡಲ್ ಮೇಲಿನ ಟೇಪನ್ನು ಕಿತ್ತು ಆ ಪುಟಕ್ಕೆ ಅಂಟಿಸಿ. ನನ್ನ ಡೈರಿಯಲ್ಲಿ ಈಗ ಅಂಥ ಆರು ತುಂಡುಗಳಿವೆ. ಮೂರನೆಯದರ ಮೇಲೆ 'ಹೆಲ್ಮೆಟ್ ತೆಗಿ' ಅಂತ ಬರೆದಿದೆ.